ಮನೆ ನಿಲ್ಲದ ದ್ವೀಪದಲ್ಲಿ ಡೇರೆ

ಜುಲೈ ತಿಂಗಳಿನಲ್ಲಿ ಎರಡು ರಾತ್ರಿ ಮರಳಿನ ಮೇಲೆ ಮಲಗಬೇಕಾದರೆ ಜನವರಿಯಲ್ಲೇ ಜಾಗ ಕಾಯ್ದಿರಿಸಬೇಕು. ಆ ಜಾಗದಲ್ಲಿ ವಿದ್ಯುತ್ ಇಲ್ಲ. ಸ್ನಾನಕ್ಕೆ ಬಿಸಿನೀರಿಲ್ಲ. ನೆರಳಿಗೆಂದು ಮರವಿಲ್ಲ. ಸೊಳ್ಳೆ ಮಾತ್ರ ಬೇಕಾದಷ್ಟಿವೆ. ಯಾವ ಹೊತ್ತಿನಲ್ಲಾದರೂ ಕುದುರೆಯೊಂದು ನಡೆದು ಬಂದು ಅಡುಗೆ ಸಾಮಾನಿಗೆ ಮೂತಿ ಹಾಕಬಹುದು. ಇಷ್ಟೆಲ್ಲ ಗೊತ್ತಿದ್ದೂ ಅಮೆರಿಕದ ಪೂರ್ವ ಕರಾವಳಿಯ ಅಸಟೀಗ್ ದ್ವೀಪದಲ್ಲಿ ಬೇಸಿಗೆಯ ವಾರಾಂತ್ಯಗಳಿಗೆ ಡೇರೆ ಹಾಕುವ ಜಾಗ ಸಿಗುವುದು ಕಷ್ಟ.

ವಾಷಿಂಗ್ಟನ್ ನಗರದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ ಇದು. ವಾಷಿಂಗ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಸಂಖ್ಯೆ ಕಡಿಮೆಯೇನಲ್ಲ. ಬೇಸಿಗೆಯಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗುವ ಇಲ್ಲಿನ ಹಿರಿಯರಿಗೆ ‘ಕ್ಯಾಂಪಿಂಗ್’ ಎಂಬ ಮಾತು ಮೊದಲು ಕಿವಿಗೆ ಬೀಳುವುದು ಅಲ್ಲಿ. ಮೂರು ಮಲಗುವ ಕೋಣೆಗಳ ಮನೆ ಬಿಟ್ಟು ಬಯಲಲ್ಲಿ ಮಲಗಲು ಇಷ್ಟೊಂದು ಸಿದ್ಧತೆ ಏಕೆ ಎಂಬುದು ಅವರಲ್ಲಿ ಹಲವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬೇಕಾದರೆ ಆ ದ್ವೀಪದ ಕಥೆಯನ್ನೂ ಡೇರೆಯ ಕಥೆಯನ್ನೂ ಒಟ್ಟಿಗೆ ನೋಡಬೇಕು. ಪ್ರವಾಸದ ಪಟ್ಟಿಯಲ್ಲಿ ಬರೆದುಕೊಳ್ಳುವ ಒಂದೊಂದು ಸಾಮಾನಿನ ಹಿಂದೆಯೂ, ಪಾಲಿಸಬೇಕಾದ ಒಂದೊಂದು ನಿಯಮದ ಹಿಂದೆಯೂ ಒಂದು ಕಾರಣವಿದೆ.

ಅಲ್ಲಿನ ಬೆಂಗ್ರೆ

ಅಸಟೀಗ್ ಎಂಬುದು ಆ ತೀರದಲ್ಲಿ ಬಾಳಿದ ಮೂಲನಿವಾಸಿ ಜನಾಂಗದ ಹೆಸರು. ದ್ವೀಪದ ಉದ್ದ 37 ಮೈಲಿ, ಅಂದರೆ ಸುಮಾರು 60 ಕಿ.ಮೀ. ಅಗಲ ಮಾತ್ರ ತೀರಾ ಕಡಿಮೆ. ಉತ್ತರದ ಭಾಗ ಮೇರಿಲ್ಯಾಂಡ್ ರಾಜ್ಯಕ್ಕೆ, ದಕ್ಷಿಣದ ಭಾಗ ವರ್ಜೀನಿಯಾ ರಾಜ್ಯಕ್ಕೆ ಸೇರಿದೆ. ಒಂದು ಮಗ್ಗುಲಲ್ಲಿ ಅಟ್ಲಾಂಟಿಕ್ ಸಾಗರ, ಇನ್ನೊಂದು ಮಗ್ಗುಲಲ್ಲಿ ಆಳವಿಲ್ಲದ ಹಿನ್ನೀರು, ನಡುವೆ ಮರಳಿನ ದಿಬ್ಬ, ಕುರುಚಲು ಕಾಡು ಮತ್ತು ಉಪ್ಪುನೀರಿನ ಜವುಗು.

ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಂಗಳೂರಿನ ಬೆಂಗ್ರೆಯನ್ನೋ, ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯನ್ನೋ ನೋಡಿದವರು ಅದನ್ನೇ ಹಲವು ಪಟ್ಟು ಉದ್ದ ಮಾಡಿ ನೆಲದಿಂದ ಬಿಡಿಸಿ ಇಟ್ಟಂತೆ ಕಲ್ಪಿಸಿಕೊಂಡರೆ ಸಾಕು. ಮಲ್ಪೆಯ ಎದುರಿಗಿರುವ ಸೇಂಟ್ ಮೇರಿಸ್ ದ್ವೀಪದ ಜಾತಿಯೇ ಬೇರೆ. ಅದು ಲಾವಾರಸ ಆರಿ ಕಂಬಗಳಾಗಿ ನಿಂತ ಗಟ್ಟಿ ಕಲ್ಲು, ಇದ್ದಲ್ಲೇ ಇರುತ್ತದೆ. ಅಸಟೀಗ್ ಬರಿಯ ಮರಳು. ಭೂಗೋಳ ಶಾಸ್ತ್ರದಲ್ಲಿ ಇಂಥವನ್ನು ತಡೆದ್ವೀಪಗಳೆಂದು ಕರೆಯುತ್ತಾರೆ. ಸಮುದ್ರದ ಹೊಡೆತವನ್ನು ತಾವು ತಿಂದು ಹಿಂದಿನ ನೆಲವನ್ನು ಕಾಯುತ್ತವೆ ಎಂಬ ಅರ್ಥದಲ್ಲಿ ಬಂದ ಹೆಸರು.

ಬಿರುಗಾಳಿ ಬಂದಾಗ ಅಲೆಗಳು ದಿಬ್ಬವನ್ನು ಹಾಯ್ದು ಕಡಲ ಕಡೆಯ ಮರಳನ್ನು ಹಿನ್ನೀರಿನ ಕಡೆಗೆ ಚೆಲ್ಲುತ್ತವೆ. ಮುಂದಿನ ಅಂಚು ಕರಗುತ್ತದೆ, ಹಿಂದಿನ ಅಂಚು ಬೆಳೆಯುತ್ತದೆ. ಹೀಗೆ ವರ್ಷ ವರ್ಷವೂ ದ್ವೀಪ ಪಶ್ಚಿಮದ ಕಡೆಗೆ, ಅಂದರೆ ನೆಲದ ಕಡೆಗೆ ಹೊರಳುತ್ತಿರುತ್ತದೆ. ಇದು ದ್ವೀಪದ ನಾಶವಲ್ಲ, ದ್ವೀಪ ಬದುಕುವ ರೀತಿ. ಆದರೆ ಹೊರಳುವ ನೆಲದ ಮೇಲೆ ಮನೆ ಕಟ್ಟಿದವನ ಪಾಡೇನು? ಆ ಪ್ರಶ್ನೆಗೆ 1962ರಲ್ಲಿ ಉತ್ತರ ಸಿಕ್ಕಿತು.

ಆಗದೇ ಹೋದ ಊರು

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಮಧ್ಯಮ ವರ್ಗದ ಕೈಯಲ್ಲಿ ಹಣ ಓಡಾಡತೊಡಗಿತು. ಕಡಲ ತೀರದಲ್ಲೊಂದು ಮನೆ ಇರಬೇಕೆಂಬ ಆಸೆಯೂ ಬೆಳೆಯಿತು. 1950ರ ದಶಕದಲ್ಲಿ ಅಸಟೀಗ್‌ನ ಮೇರಿಲ್ಯಾಂಡ್ ಭಾಗದಲ್ಲಿ ‘ಓಷನ್ ಬೀಚ್’ ಎಂಬ ಹೆಸರಿನ ಬಡಾವಣೆಯ ನಕ್ಷೆ ತಯಾರಾಯಿತು. ಸುಮಾರು 5,000 ಖಾಸಗಿ ನಿವೇಶನಗಳನ್ನು ಗುರುತಿಸಿದರು. ಮರಳ ಮೇಲೆ ಡಾಂಬರು ಹಾಕಿ ರಸ್ತೆ ಮಾಡಿದರು. ಅದಕ್ಕೆ ಬಾಲ್ಟಿಮೋರ್ ಬುಲೆವಾರ್ಡ್ ಎಂಬ ದೊಡ್ಡ ಹೆಸರನ್ನೂ ಇಟ್ಟರು. ಕೆಲವರು ಮನೆ ಕಟ್ಟಿಯೂ ಬಿಟ್ಟರು.

1962ರ ಮಾರ್ಚ್ ಮೊದಲ ವಾರದಲ್ಲಿ ಈಶಾನ್ಯ ದಿಕ್ಕಿನಿಂದ ಬೀಸಿದ ಬಿರುಗಾಳಿ ಕರಾವಳಿಯ ಬಳಿ ಬಂದು ನಿಂತುಬಿಟ್ಟಿತು. ಕ್ರೈಸ್ತರ ಬೂದಿ ಬುಧವಾರದ ಸುತ್ತಮುತ್ತ ಬಂದುದರಿಂದ ಇದಕ್ಕೆ ಅದೇ ಹೆಸರು ಬಿದ್ದಿದೆ. ಗಾಳಿಯ ವೇಗಕ್ಕಿಂತ ಅದು ನಿಂತ ಸಮಯವೇ ಹೆಚ್ಚು ಹಾನಿ ಮಾಡಿತು. ಅಮಾವಾಸ್ಯೆಯ ದೊಡ್ಡ ಭರತದ ದಿನಗಳವು. ಒಂದರ ಹಿಂದೆ ಒಂದರಂತೆ ಐದು ಭರತಗಳು ಬಿರುಗಾಳಿಯ ಜೊತೆ ಸೇರಿಕೊಂಡು ದ್ವೀಪದ ಮೇಲೆ ಹರಿದವು. ನೀರು ಇಳಿದಾಗ ರಸ್ತೆ ಚೂರುಚೂರಾಗಿತ್ತು, ಮನೆಗಳಲ್ಲಿ ಹೆಚ್ಚಿನವು ಹೋಗಿದ್ದವು. ಆ ಡಾಂಬರಿನ ತುಂಡುಗಳನ್ನು ಮರಳ ದಿಬ್ಬಗಳ ನಡುವಿನ ಕಾಲುದಾರಿಯಲ್ಲಿ ಈಗಲೂ ನೋಡಬಹುದು.

ಪಕ್ಕದ ಶಿಂಕಟೀಗ್ ದ್ವೀಪದ ಊರೂ ಆ ಸಲ ಮುಳುಗಿತು. ಅಲ್ಲಿ ‘ಮಿಸ್ಟಿ’ ಎಂಬ ಹೆಸರಾಂತ ಹೆಣ್ಣು ಕುದುರೆಯೊಂದಿತ್ತು. ಮಾರ್ಗರೀಟ್ ಹೆನ್ರಿ ಎಂಬ ಲೇಖಕಿ 1947ರಲ್ಲಿ ಪ್ರಕಟಿಸಿದ ಮಕ್ಕಳ ಪುಸ್ತಕದಿಂದಾಗಿ ಅದರ ಹೆಸರು ದೇಶಕ್ಕೆಲ್ಲ ಗೊತ್ತಿತ್ತು. ಗಬ್ಬವಾಗಿದ್ದ ಮಿಸ್ಟಿಯನ್ನು ಅದರ ಒಡೆಯರು ಪ್ರವಾಹದ ಹೊತ್ತಿನಲ್ಲಿ ಮನೆಯ ಅಡುಗೆಕೋಣೆಯೊಳಗೆ ಕಟ್ಟಿ ಉಳಿಸಿಕೊಂಡರು. ಕೆಲವೇ ದಿನಗಳಲ್ಲಿ ಹುಟ್ಟಿದ ಮರಿಗೆ ‘ಸ್ಟಾರ್ಮಿ’ ಎಂದು ಹೆಸರಿಟ್ಟರು. ಬಯಲಲ್ಲಿದ್ದ ಅನೇಕ ಕುದುರೆಗಳಿಗೆ ಆ ಅದೃಷ್ಟವಿರಲಿಲ್ಲ.

ಬಿರುಗಾಳಿ ನಿವೇಶನದಾರರ ಕನಸನ್ನು ಒರೆಸಿತು, ಸರ್ಕಾರದ ಕಣ್ಣನ್ನೂ ತೆರೆಸಿತು. 1965ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಅಸಟೀಗ್ ‘ರಾಷ್ಟ್ರೀಯ ಕಡಲತೀರ’ವಾಯಿತು. ಐದು ಸಾವಿರ ಖಾಸಗಿ ಮನೆಗಳು ಏಳಬೇಕಾಗಿದ್ದ ಜಾಗ ಸಾರ್ವಜನಿಕರದಾಯಿತು. ಅಲ್ಲಿ ಇರುಳು ಕಳೆಯಬೇಕೆಂದರೆ ಶ್ರೀಮಂತನಿಗೂ ಬಡವನಿಗೂ ಇರುವ ದಾರಿ ಒಂದೇ. ಡೇರೆ ಹಾಕಬೇಕು, ಇಲ್ಲವೇ ಗಾಲಿಯ ಮೇಲಿನ ಮನೆಯನ್ನು ತರಬೇಕು. ಎರಡೂ ಬಿಚ್ಚಿಕೊಂಡು ಹೋಗಬಹುದಾದವು. ಹೊರಳುವ ದ್ವೀಪಕ್ಕೆ ಹೊಂದುವುದು ಅಂಥ ವಸತಿಯೇ.

ಡೇರೆ ಮನೆಮಂದಿಯ ಪಾಲಾದದ್ದು

ನಮ್ಮಲ್ಲಿ ಡೇರೆ ಎಂದರೆ ಸೈನ್ಯ, ಸರ್ಕಸ್ಸು, ನಾಟಕ ಕಂಪೆನಿ ನೆನಪಾಗುತ್ತವೆ. ಅಲೆಮಾರಿಗಳ ಗುಡಾರ ನೆನಪಾಗುತ್ತದೆ. ಸುಖಕ್ಕಾಗಿ ಡೇರೆಯಲ್ಲಿ ಇರುವುದು ಅಮೆರಿಕದಲ್ಲೂ ಹಳೆಯ ಪದ್ಧತಿಯಲ್ಲ. 1869ರಲ್ಲಿ ವಿಲಿಯಂ ಮರ್ರೆ ಎಂಬ ಬಾಸ್ಟನ್ನಿನ ಪಾದ್ರಿ ನ್ಯೂಯಾರ್ಕ್ ರಾಜ್ಯದ ಆ್ಯಡಿರಾಂಡಾಕ್ ಬೆಟ್ಟಗಳಲ್ಲಿ ಬಿಡಾರ ಹೂಡುವುದರ ಕುರಿತು ಪುಸ್ತಕ ಬರೆದರು. ನಗರದ ಹೊಗೆಯಿಂದ ಕೆಟ್ಟ ದೇಹ ಕಾಡಿನ ಗಾಳಿಯಲ್ಲಿ ಸುಧಾರಿಸುತ್ತದೆ, ಹೆಂಗಸರೂ ಧಾರಾಳವಾಗಿ ಹೋಗಬಹುದು ಎಂದು ಅವರು ಹೇಳಿದ್ದು ಜನರಿಗೆ ಹಿಡಿಸಿತು. ಮರುಬೇಸಿಗೆಗೇ ಜನ ಮುಗಿಬಿದ್ದರು. ಸಿದ್ಧತೆಯಿಲ್ಲದೆ ಹೋಗಿ ಮಳೆ, ಸೊಳ್ಳೆಗಳಿಗೆ ಸಿಕ್ಕಿ ವಾಪಸಾದವರನ್ನು ‘ಮರ್ರೆಯ ಮೂರ್ಖರು’ ಎಂದು ಪತ್ರಿಕೆಗಳು ಗೇಲಿ ಮಾಡಿದವು. ಪೂರ್ವಸಿದ್ಧತೆ ಇಲ್ಲದ ಬಿಡಾರ ಎಂಥ ಫಜೀತಿ ಎಂಬ ಪಾಠ ಅಷ್ಟು ಹಳೆಯದು.

ಆಗಿನ್ನೂ ಅದು ರೈಲು, ಕುದುರೆಗಾಡಿ, ದಾರಿ ತೋರುವವನ ಕೂಲಿ ಎಲ್ಲಕ್ಕೂ ಹಣ ತೆರಬಲ್ಲವರ ಹವ್ಯಾಸವಾಗಿತ್ತು. 1908ರಲ್ಲಿ ಫೋರ್ಡ್ ಕಂಪೆನಿಯ ‘ಮಾಡೆಲ್ ಟಿ’ ಕಾರು ಬಂದ ಮೇಲೆ ಚಿತ್ರ ಬದಲಾಯಿತು. ಅಗ್ಗದ ಕಾರಿನ ಹಿಂದೆ ಡೇರೆ, ಒಲೆ, ಪಾತ್ರೆ ಕಟ್ಟಿಕೊಂಡು ಮಕ್ಕಳುಮರಿಗಳೊಂದಿಗೆ ಹೊರಡುವುದು ಸಾಧ್ಯವಾಯಿತು. ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟೈರು ತಯಾರಕ ಹಾರ್ವೆ ಫೈರ್‌ಸ್ಟೋನ್ ಮೂವರೂ ಸೇರಿ ಬೇಸಿಗೆಗಳಲ್ಲಿ ಇಂಥ ಪ್ರವಾಸ ಹೊರಡುತ್ತಿದ್ದರು. 1921ರ ಜುಲೈಯಲ್ಲಿ ಮೇರಿಲ್ಯಾಂಡ್‌ನ ಹೇಗರ್ಸ್‌ಟೌನ್ ಬಳಿ ಹಾಕಿದ ಅವರ ಬಿಡಾರಕ್ಕೆ ದೇಶದ ಅಧ್ಯಕ್ಷ ವಾರನ್ ಹಾರ್ಡಿಂಗ್ ಬಂದು ಉಳಿದಿದ್ದರು. ಅವರ ಡೇರೆಗಳಲ್ಲಿ ಆಳುಕಾಳುಗಳಿಗೆ ಕೊರತೆಯಿರಲಿಲ್ಲ ಎಂಬುದು ಬೇರೆ ಮಾತು. ಪತ್ರಿಕೆಗಳಲ್ಲಿ ಬಂದ ಅವರ ಚಿತ್ರಗಳು ಕಾರಿಗೂ ಟೈರಿಗೂ ಒಳ್ಳೆಯ ಜಾಹೀರಾತಾದವು.

1919ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಕಾರುಬಿಡಾರದವರು ಸಂಘ ಕಟ್ಟಿಕೊಂಡು ‘ತಗಡಿನ ಡಬ್ಬಿಯ ಪ್ರವಾಸಿಗರು’ ಎಂದು ತಮ್ಮನ್ನು ತಾವೇ ಕರೆದುಕೊಂಡರು. ಡಬ್ಬಿಯ ಆಹಾರ ಬಿಸಿ ಮಾಡಿ ಉಂಡು, ಕಾರನ್ನೇ ಮನೆ ಮಾಡಿಕೊಂಡವರು ಅವರು. ಕಾರಿಗೆ ಜೋಡಿಸುವ ಪುಟ್ಟ ಮನೆಗಾಡಿಗಳು, ಆಮೇಲೆ ಎಂಜಿನ್ ಸಮೇತ ಮನೆಗಳು ಬಂದವು. ಇಂದು ‘ಆರ್.ವಿ.’ ಎಂದು ಕರೆಯುವ ವಾಹನಗಳ ವಂಶಾವಳಿ ಇದು.

ಕಾರುಗಳು ಹೆಚ್ಚಿದಂತೆ ಕಾಡುಗಳಿಗೆ ಕಷ್ಟ ಬಂತು. ಎಲ್ಲಿ ಬೇಕಾದಲ್ಲಿ ಗಾಡಿ ನಿಲ್ಲಿಸುತ್ತಿದ್ದುದರಿಂದ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು, ಗಾಳಿ ಸಿಗದೆ ಮರಗಳು ಒಣಗುತ್ತಿದ್ದವು. ಅರಣ್ಯ ಇಲಾಖೆಯ ಸಸ್ಯರೋಗ ತಜ್ಞ ಇ.ಪಿ. ಮೈನೆಕೆ ಇದನ್ನು ಅಭ್ಯಸಿಸಿ 1932ರಲ್ಲಿ ಒಂದು ಪರಿಹಾರ ಸೂಚಿಸಿದರು. ಒಮ್ಮುಖ ಸಂಚಾರದ ಬಳಸುರಸ್ತೆ, ಅದರಿಂದ ಒಡೆಯುವ ಗಿಡ್ಡ ಕವಲು, ಕವಲಿನಲ್ಲಿ ಒಂದು ಕಾರು, ಪಕ್ಕದಲ್ಲಿ ಒಂದು ಡೇರೆ, ಒಂದು ಮೇಜು, ಒಂದು ಒಲೆ. ಕಾರು ಅಲ್ಲಿಂದ ಆಚೆ ಕದಲಬಾರದು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ನಿರುದ್ಯೋಗಿ ಯುವಕರನ್ನು ಸರ್ಕಾರ ಕೆಲಸಕ್ಕೆ ಹಚ್ಚಿ ದೇಶದಾದ್ಯಂತ ಇಂಥ ಬಿಡಾರಭೂಮಿಗಳನ್ನು ಮಾಡಿಸಿತು. ಇಂದು ಕಾಯ್ದಿರಿಸುವಾಗ ಸಿಗುವ ‘ಸೈಟ್ ನಂಬರ್’ ಆ ಸಸ್ಯತಜ್ಞರ ಯೋಜನೆಯ ಫಲ.

ಈ ಬಯಲ ಬದುಕು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಇದೇ ವರ್ಜೀನಿಯಾದ ಶೆನಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ 1939ರಲ್ಲಿ ಕಪ್ಪು ಜನರಿಗೆಂದೇ ಲೂಯಿಸ್ ಮೌಂಟನ್ ಎಂಬ ಪ್ರತ್ಯೇಕ ತಾಣ ತೆರೆಯಲಾಗಿತ್ತು. ಆ ಭೇದ ಪೂರ್ತಿ ಅಳಿಯಲು 1950ರವರೆಗೆ ಕಾಯಬೇಕಾಯಿತು. ಹಾಗಾಗಿ ಸಾರ್ವಜನಿಕ ಕಡಲತೀರದಲ್ಲಿ ಯಾರು ಬೇಕಾದರೂ ಡೇರೆ ಹಾಕಬಹುದು ಎಂಬ ಇಂದಿನ ಸಾಮಾನ್ಯ ಸಂಗತಿ ಹೋರಾಟದಿಂದ ಬಂದದ್ದು.

ಡೇರೆಯೋ, ಗಾಡಿಯೋ?

ಅಸಟೀಗ್‌ಗೆ ಹೊರಡುವ ಕುಟುಂಬ ಮೊದಲು ತೀರ್ಮಾನಿಸಬೇಕಾದದ್ದು ಇದು. ದ್ವೀಪದಲ್ಲಿ ರಾತ್ರಿ ಉಳಿಯಲು ಅವಕಾಶವಿರುವುದು ಮೇರಿಲ್ಯಾಂಡ್ ಭಾಗದಲ್ಲಿ ಮಾತ್ರ. ವರ್ಜೀನಿಯಾ ಭಾಗ 1943ರಲ್ಲೇ ವನ್ಯಜೀವಿಧಾಮವಾಗಿದೆ. ಅಲ್ಲಿಗೆ ಹೋಗಬಯಸುವವರು ಪಕ್ಕದ ಶಿಂಕಟೀಗ್ ಊರಿನ ಖಾಸಗಿ ತಾಣಗಳಲ್ಲಿ ಇಳಿದುಕೊಳ್ಳುತ್ತಾರೆ. ನಕ್ಷೆಯಲ್ಲಿ ಒಂದೇ ದ್ವೀಪ ಎಂದುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಕಾರು ಓಡಿಸಬಹುದೆಂದು ಭಾವಿಸುವವರಿದ್ದಾರೆ. ನಡುವೆ ರಸ್ತೆಯಿಲ್ಲ. ಸೇತುವೆ ದಾಟಿ ನೆಲಕ್ಕೆ ಬಂದು, ಸುಮಾರು ಒಂದು ಗಂಟೆ ಸುತ್ತಿ ಹೋಗಬೇಕು.

ಮೇರಿಲ್ಯಾಂಡ್ ಭಾಗದಲ್ಲೂ ಎರಡು ಆಡಳಿತಗಳಿವೆ. ರಾಷ್ಟ್ರೀಯ ಉದ್ಯಾನ ಸೇವೆಯ ತಾಣಗಳು ಒಂದು ಕಡೆ, ರಾಜ್ಯ ಸರ್ಕಾರದ ಉದ್ಯಾನ ಇನ್ನೊಂದು ಕಡೆ. ರಾಷ್ಟ್ರೀಯ ಸೇವೆಯ ತಾಣಗಳಲ್ಲಿ ವಿದ್ಯುತ್ ಸಂಪರ್ಕವಿಲ್ಲ, ಸ್ನಾನ ತಣ್ಣೀರಿನದು. ರಾಜ್ಯದ ಉದ್ಯಾನದಲ್ಲಿ ಬಿಸಿನೀರಿನ ಸ್ನಾನದ ಮನೆ ಇದೆ, ಕೆಲವು ಜಾಗಗಳಿಗೆ ವಿದ್ಯುತ್ತೂ ಇದೆ. ಕಡಲ ಮಗ್ಗುಲಿನ ಜಾಗಗಳಲ್ಲಿ ಎರಡು ಬಗೆ. ಡೇರೆಗೆಂದೇ ಇರುವಲ್ಲಿಗೆ ಕಾರು ಹೋಗುವುದಿಲ್ಲ. ಸಾಮಾನನ್ನೆಲ್ಲ ಮರಳ ಮೇಲೆ ಹೊತ್ತು ನಡೆಯಬೇಕು. ಇನ್ನೊಂದು, ವಾಹನ ನೇರವಾಗಿ ಹೋಗಿ ನಿಲ್ಲುವ ಜಾಗ. ಮಂಡಿನೋವಿನ ಅಜ್ಜಿ, ಕಂಕುಳ ಕೂಸು ಜೊತೆಗಿದ್ದರೆ ಎರಡನೆಯದೇ ಒಳ್ಳೆಯದು. ಶೌಚಾಲಯ ಎಷ್ಟು ದೂರ ಎಂಬುದನ್ನು ನಕ್ಷೆಯಲ್ಲಿ ನೋಡಿಕೊಂಡು ಜಾಗ ಆರಿಸಿದರೆ ನಡುರಾತ್ರಿಯ ಪರದಾಟ ತಪ್ಪುತ್ತದೆ.

ಆರ್.ವಿ.ಯಲ್ಲಿ ಮಂಚ, ಒಲೆ, ತಂಗಳಪೆಟ್ಟಿಗೆ, ಶೌಚಾಲಯ ಎಲ್ಲ ಇರುತ್ತವೆ. ಮಳೆ ಬಂದರೆ ಬಾಗಿಲು ಹಾಕಿಕೊಂಡರೆ ಮುಗಿಯಿತು. ಆದರೆ ವಿದ್ಯುತ್ ಸಂಪರ್ಕವಿಲ್ಲದ ಜಾಗದಲ್ಲಿ ಹವಾನಿಯಂತ್ರಣ ಯಂತ್ರ ಓಡುವುದು ಜನರೇಟರಿನಿಂದ. ಅದನ್ನು ಇಂತಿಷ್ಟು ಹೊತ್ತು ಮಾತ್ರ ಓಡಿಸಬೇಕೆಂಬ ನಿಯಮವಿದೆ. ತೊಟ್ಟಿಯ ನೀರನ್ನು ಲೆಕ್ಕ ಹಾಕಿ ಬಳಸಬೇಕು. ಬಾಡಿಗೆ, ಇಂಧನ ಎರಡೂ ದುಬಾರಿ. ಡೇರೆ ಅಗ್ಗ, ಗಾಳಿಯಾಡುತ್ತದೆ, ಅಲೆಯ ಸದ್ದು ಕಿವಿಯ ಪಕ್ಕದಲ್ಲೇ ಇರುತ್ತದೆ. ಬಿರುಗಾಳಿ ಬಂದ ರಾತ್ರಿ ಮಾತ್ರ ಅದೇ ಸದ್ದು ನಿದ್ದೆ ಕೆಡಿಸುತ್ತದೆ.

ಯಾವ ತಿಂಗಳು ಹೋಗುವುದು ಎಂಬುದೂ ಮುಖ್ಯ. ಜುಲೈ, ಆಗಸ್ಟ್ ಶಾಲೆಯ ರಜೆ. ಸಮುದ್ರದ ನೀರು ಬೆಚ್ಚಗಿರುತ್ತದೆ. ಸೊಳ್ಳೆ, ಕಚ್ಚುವ ನೊಣಗಳ ಕಾಟವೂ ಆಗಲೇ ಹೆಚ್ಚು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹಿತಕರ. ಆದರೆ ಜೂನ್‌ನಿಂದ ನವೆಂಬರ್‌ವರೆಗೆ ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ. ಎಚ್ಚರಿಕೆ ಬಂದರೆ ದ್ವೀಪವನ್ನು ತೆರವು ಮಾಡಿಸುತ್ತಾರೆ. ಹಾಗಾಗಿ ಯೋಜನೆಯಲ್ಲಿ ಹೋಗುವ ದಾರಿಯಷ್ಟೇ ವಾಪಸು ಬರುವ ದಾರಿಗೂ ಜಾಗವಿರಬೇಕು.

ಗೂಟ, ಗಾಳಿ, ಸೊಳ್ಳೆ

ಅಂಗಡಿಯಲ್ಲಿ ಡೇರೆಯ ಜೊತೆ ಕೊಡುವ ಗೇಣುದ್ದದ ಗೂಟಗಳು ಹುಲ್ಲುನೆಲಕ್ಕೆ ಮಾಡಿದವು. ಒಣ ಮರಳಿನಲ್ಲಿ ಅವಕ್ಕೆ ಹಿಡಿತವಿಲ್ಲ. ಸಂಜೆಯ ಮೊದಲ ಗಾಳಿಗೇ ಕಿತ್ತುಬರುತ್ತವೆ. ಮರಳಿಗೆಂದೇ ಸಿಗುವ ಉದ್ದನೆಯ, ಅಗಲ ಅಲಗಿನ ಗೂಟಗಳನ್ನು ತರಬೇಕು. ಅದೂ ಇಲ್ಲದಿದ್ದರೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಹೂತುಬಿಡಬಹುದು. ಹೂತ ಭಾರ ಗಾಳಿಗೆ ಜಗ್ಗುವುದಿಲ್ಲ. ಮರಗಳಿಲ್ಲದ ಕಾರಣ ಹಗಲಿಗೆ ನೆರಳಿನ ಚಪ್ಪರ, ಸಂಜೆಗೆ ಸೊಳ್ಳೆಪರದೆ ಎರಡೂ ಬೇಕು. ಸೊಳ್ಳೆ ಬರುವುದು ಹಿನ್ನೀರಿನ ಜವುಗಿನಿಂದ. ಕಡಲಗಾಳಿ ಬೀಸುವಾಗ ಕಡಲ ಮಗ್ಗುಲಿನವರಿಗೆ ಅದರ ಕಾಟ ಕಡಿಮೆ. ಗಾಳಿ ತಿರುಗಿ ನೆಲದ ಕಡೆಯಿಂದ ಬೀಸಿದರೆ ಎಲ್ಲರಿಗೂ ಅದೇ ಗತಿ. ಹುಲ್ಲಿನಲ್ಲಿ ನಡೆದು ಬಂದವರು ಮೈಮೇಲೆ ಉಣ್ಣೆ ಹತ್ತಿದೆಯೇ ಎಂದು ನೋಡಿಕೊಳ್ಳಬೇಕು. ಕೆಲವು ಉಣ್ಣೆಗಳಿಂದ ಲೈಮ್ ಎಂಬ ಕಾಯಿಲೆ ಬರುತ್ತದೆ.

ಸಿಡಿಲಿನ ಹೊತ್ತಿನಲ್ಲಿ ಡೇರೆ ರಕ್ಷಣೆ ಕೊಡದು. ಗುಡುಗು ಕೇಳಿಸಿದ ಕೂಡಲೇ ಎಲ್ಲರೂ ಕಾರಿನೊಳಗೆ ಸೇರಬೇಕು. ಸಮುದ್ರಕ್ಕಿಳಿದವರನ್ನು ದಡದಿಂದ ಆಚೆಗೆ ಎಳೆಯುವ ಸೆಳವೂ ಅಲ್ಲಿ ಇದೆ. ಅದಕ್ಕೆ ಸಿಕ್ಕಿದವರು ದಡದ ಕಡೆಗೇ ಈಜಲು ಹೋಗಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬಂದು ನಂತರ ದಡದತ್ತ ತಿರುಗಬೇಕು. ಕಾವಲುಗಾರರಿರುವ ಕಡೆ ಮಾತ್ರ ಮಕ್ಕಳನ್ನು ಇಳಿಸುವುದು ಕ್ಷೇಮ.

ಒಲೆಗೆ ಊರಿಂದ ಸೌದೆ ಒಯ್ಯಬಾರದೆಂಬ ನಿಯಮ ವಿಚಿತ್ರವಾಗಿ ತೋರಬಹುದು. ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಕೊರಕ ಹುಳುವೊಂದು ಸೌದೆಯ ಮೂಲಕ ಹರಡಿ ಅಮೆರಿಕದ ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದಿದೆ. ಬೇಕಾದ ಸೌದೆಯನ್ನು ಅಲ್ಲೇ ಹತ್ತಿರದಲ್ಲಿ ಕೊಳ್ಳಬೇಕು.

ಕುದುರೆಗಳ ಪ್ರಶ್ನೆ

ಅಸಟೀಗ್‌ನ ಹೆಸರು ಹರಡಿದ್ದು ಅಲ್ಲಿನ ಕುದುರೆಗಳಿಂದ. ಮುಳುಗಿದ ಸ್ಪೇನ್ ದೇಶದ ಹಡಗಿನಿಂದ ಈಜಿ ದಡ ಸೇರಿದವುಗಳ ಸಂತತಿ ಇವು ಎಂಬುದು ಜನಪ್ರಿಯ ಕಥೆ. 1750ರಲ್ಲಿ ‘ಲಾ ಗಾಲ್ಗಾ’ ಎಂಬ ಸ್ಪ್ಯಾನಿಶ್ ಹಡಗು ಆ ತೀರದಲ್ಲಿ ಒಡೆದದ್ದು ನಿಜ. ಆದರೆ ಹೆಚ್ಚು ಸಂಭವನೀಯವಾದ ವಿವರಣೆ ಅಷ್ಟು ರೋಚಕವಲ್ಲ. 17ನೇ ಶತಮಾನದಲ್ಲಿ ನೆಲದ ಮೇಲಿನ ರೈತರು ಬೇಲಿ ಹಾಕುವ ಕಾನೂನು ಮತ್ತು ಜಾನುವಾರು ತೆರಿಗೆಗಳಿಂದ ತಪ್ಪಿಸಿಕೊಳ್ಳಲು ದನ, ಕುದುರೆಗಳನ್ನು ದ್ವೀಪಕ್ಕೆ ಬಿಟ್ಟರು ಎಂದು ಇತಿಹಾಸಕಾರರು ಹೇಳುತ್ತಾರೆ. 2022ರಲ್ಲಿ ಹಳೆಯ ಕಥೆಗೆ ಸ್ವಲ್ಪ ಜೀವ ಬಂತು. ಹೈಟಿಯಲ್ಲಿದ್ದ 16ನೇ ಶತಮಾನದ ಸ್ಪ್ಯಾನಿಶ್ ಊರಿನ ಅವಶೇಷದಲ್ಲಿ ಸಿಕ್ಕಿದ್ದ, ಹಸುವಿನದೆಂದು ಎಣಿಸಿದ್ದ ಹಲ್ಲೊಂದು ಕುದುರೆಯದೆಂದು ಗೊತ್ತಾಯಿತು. ಅದರ ವಂಶವಾಹಿಯನ್ನು ಪರೀಕ್ಷಿಸಿದಾಗ ಇಂದಿನ ಶಿಂಕಟೀಗ್ ಕುದುರೆಗಳೊಂದಿಗೆ ಹತ್ತಿರದ ಸಂಬಂಧ ಕಂಡಿತು. ಹಡಗು ಒಡೆದ ಕಥೆ ಇದರಿಂದ ಸಾಬೀತಾಗುವುದಿಲ್ಲ. ಸ್ಪ್ಯಾನಿಶ್ ಮೂಲದ ಮಾತು ಮಾತ್ರ ಬರಿಯ ಕಲ್ಪನೆಯಲ್ಲ ಎಂದಾಯಿತು.

ಎರಡು ರಾಜ್ಯಗಳ ಗಡಿಯಲ್ಲಿ ಬೇಲಿಯಿದೆ. ಬೇಲಿಯ ಎರಡು ಕಡೆ ಎರಡು ಹಿಂಡು, ಎರಡು ನೀತಿ. ವರ್ಜೀನಿಯಾದ ಹಿಂಡು ಶಿಂಕಟೀಗ್ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಆಸ್ತಿ. 1925ರಿಂದ ಪ್ರತಿ ಜುಲೈ ಕೊನೆಯ ಬುಧವಾರ ಆ ಕುದುರೆಗಳನ್ನು ಇಳಿತ ಭರತಗಳ ನಡುವಿನ ನಿಂತ ನೀರಿನಲ್ಲಿ ಶಿಂಕಟೀಗ್‌ಗೆ ಈಜಿಸುತ್ತಾರೆ. ಮರುದಿನ ಮರಿಗಳ ಹರಾಜು. ನಮ್ಮ ದನಗಳ ಜಾತ್ರೆಯಂತೆಯೇ ಅಲ್ಲಿ ಜನ ಸೇರುತ್ತಾರೆ. ಹಣದಿಂದ ದಳಕ್ಕೆ ಸಲಕರಣೆ, ಕುದುರೆಗಳಿಗೆ ಔಷಧೋಪಚಾರ. ಕೋವಿಡ್ ಕಾರಣದಿಂದ 2020 ಮತ್ತು 2021ರಲ್ಲಿ ಈಜು ನಡೆಯಲಿಲ್ಲ. ಮೇರಿಲ್ಯಾಂಡ್‌ನ ಹಿಂಡು ಉದ್ಯಾನ ಸೇವೆಯ ಅಧೀನದ್ದು. ಅಲ್ಲಿ ಮೇವು ಹಾಕುವುದಿಲ್ಲ, ಮಾರುವುದಿಲ್ಲ. 1968ರಲ್ಲಿ 28 ಇದ್ದ ಸಂಖ್ಯೆ ದಶಕಗಳಲ್ಲಿ 150ನ್ನು ದಾಟಿ, ದಿಬ್ಬ ಹಿಡಿದಿಡುವ ಹುಲ್ಲನ್ನೇ ಮೇಯತೊಡಗಿದಾಗ, 1994ರಿಂದ ಹೆಣ್ಣು ಕುದುರೆಗಳಿಗೆ ಗರ್ಭನಿರೋಧಕ ಲಸಿಕೆಯನ್ನು ದೂರದಿಂದಲೇ ಹೊಡೆಯುವ ಪದ್ಧತಿ ಬಂತು.

ಬಿಡಾರದವರು ಎದುರಿಸುವುದು ಈ ಮೇರಿಲ್ಯಾಂಡ್ ಹಿಂಡನ್ನು. ಕುದುರೆಯಿಂದ ಕನಿಷ್ಠ 40 ಅಡಿ, ಅಂದರೆ ಒಂದು ಬಸ್ಸಿನ ಉದ್ದದಷ್ಟು ದೂರ ಇರಬೇಕೆಂಬುದು ನಿಯಮ. ಊಟದ ಸಾಮಾನನ್ನು ಕಾರಿನೊಳಗೆ ಅಥವಾ ಗಟ್ಟಿಯಾಗಿ ಚಿಲಕ, ಪಟ್ಟಿ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು. ಡೇರೆಯ ಬಟ್ಟೆ ಅವಕ್ಕೆ ತಡೆಯೇ ಅಲ್ಲ. ಹಸುವಿಗೆ ಬಾಳೆಹಣ್ಣು ಕೊಡುವುದನ್ನು ಪುಣ್ಯವೆಂದು ಕಂಡು ಬೆಳೆದವರಿಗೆ, ಹಸಿದಂತೆ ಕಾಣುವ ಪ್ರಾಣಿಗೆ ಒಂದು ಸೇಬು ಕೊಟ್ಟರೆ ತಪ್ಪೇನು ಎನಿಸುವುದು ಸಹಜ. ಆದರೆ ಆ ಸೇಬಿನ ಬೆಲೆಯನ್ನು ಆಮೇಲೆ ತೆರುವುದು ಕುದುರೆ. ರುಚಿ ಹತ್ತಿದ ಕುದುರೆ ರಸ್ತೆಬದಿಗೆ ಬಂದು ಕಾರುಗಳಿಗಾಗಿ ಕಾಯುತ್ತದೆ. ಹಾಗೆ ಕಾದ ಕುದುರೆಗಳು ವಾಹನಕ್ಕೆ ಸಿಕ್ಕಿ ಸತ್ತಿವೆ. ಇಲ್ಲವೇ ಡೇರೆಗಳಿಗೆ ನುಗ್ಗಿ, ತಡೆದವರನ್ನು ಒದ್ದು ಕಚ್ಚುತ್ತದೆ. 2022ರಲ್ಲಿ ಅಂಥ ಒಂದು ಗಂಡು ಕುದುರೆಯನ್ನು ಹಿಡಿದು ಟೆಕ್ಸಾಸ್ ರಾಜ್ಯದ ಪ್ರಾಣಿಧಾಮಕ್ಕೆ ಸಾಗಿಸಬೇಕಾಯಿತು. ಹುಟ್ಟಿದ ದ್ವೀಪವನ್ನೂ ಹಿಂಡನ್ನೂ ಅದು ಕಳೆದುಕೊಂಡದ್ದು ಪ್ರವಾಸಿಗರ ತಿನಿಸಿನಿಂದ. ಅವುಗಳ ಉಬ್ಬಿದ ಹೊಟ್ಟೆಗೂ ಕಾಯಿಲೆಯೇ ಕಾರಣವೆನ್ನಬೇಕಾಗಿಲ್ಲ. ಉಪ್ಪುಹುಲ್ಲು ತಿಂದು ಬಹಳ ನೀರು ಕುಡಿಯುವುದರಿಂದ ಹಾಗೆ ಕಾಣುತ್ತದೆ.

ನೆಲ ಎಷ್ಟು ದಿನ?

ದ್ವೀಪದ ಉತ್ತರ ತುದಿಯಲ್ಲಿ ಇನ್ನೊಂದು ಪಾಠವಿದೆ. 1933ರ ಆಗಸ್ಟ್‌ನಲ್ಲಿ ಬಂದ ಚಂಡಮಾರುತ ಓಷನ್ ಸಿಟಿ ಎಂಬ ಪಟ್ಟಣದ ಬಳಿ ಮರಳನ್ನು ಕತ್ತರಿಸಿ ಹೊಸ ಅಳಿವೆ ತೆರೆಯಿತು. ಮೀನುಗಾರರಿಗೆ ಅನುಕೂಲವೆಂದು ಅಳಿವೆ ಮುಚ್ಚದಂತೆ ಎರಡೂ ಬದಿಗೆ ಕಲ್ಲಿನ ತಡೆಗೋಡೆ ಕಟ್ಟಿದರು. ಉತ್ತರದಿಂದ ದಕ್ಷಿಣಕ್ಕೆ ಹರಿದುಬರುತ್ತಿದ್ದ ಮರಳು ಗೋಡೆಯ ಹಿಂದೆ ನಿಂತಿತು. ಓಷನ್ ಸಿಟಿಯ ದಂಡೆ ಅಗಲವಾಯಿತು; ಮರಳು ಸಿಗದ ಅಸಟೀಗ್‌ನ ಉತ್ತರ ಭಾಗ ಅರ್ಧ ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಸರಿಯಿತು. 2004ರಿಂದ ಅಮೆರಿಕದ ಸೇನಾ ಎಂಜಿನಿಯರುಗಳು ಹೂಳೆತ್ತುವ ಹಡಗಿನಿಂದ ಮರಳನ್ನು ತಂದು ದ್ವೀಪದ ಬಳಿ ಸುರಿಯುತ್ತಿದ್ದಾರೆ. ಪ್ರತಿ ಮಳೆಗಾಲದಲ್ಲೂ ಉಳ್ಳಾಲದ ಕಡಲ್ಕೊರೆತದ ಸುದ್ದಿ ಓದುವವರಿಗೆ ಈ ಕಥೆಯ ತಿರುಳು ಹೊಸದಲ್ಲ. ಒಂದು ಕಡೆ ಮರಳನ್ನು ತಡೆದರೆ ಇನ್ನೊಂದು ಕಡೆ ಕಡಲು ಅದನ್ನು ವಸೂಲು ಮಾಡುತ್ತದೆ.

ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ಉದ್ಯಾನ ಸೇವೆಯವರು ಅಸಟೀಗ್‌ನಲ್ಲಿ ಗೋಡೆ ಕಟ್ಟಿ ಕಡಲನ್ನು ಎದುರಿಸಲು ಹೋಗಿಲ್ಲ. ವಾಹನ ನಿಲ್ಲಿಸುವ ಜಾಗಗಳಿಗೆ ಕಾಂಕ್ರೀಟಿನ ಬದಲು ಜೇಡಿ ಮತ್ತು ಚಿಪ್ಪು ಹಾಕುತ್ತಾರೆ. ತೀರದ ಸೌಕರ್ಯಗಳನ್ನು ಎತ್ತಿ ಹಿಂದಕ್ಕೆ ಸಾಗಿಸುವಂತೆ ಮಾಡಿದ್ದಾರೆ. ಅಲ್ಲಿ ಸರ್ಕಾರವೂ ಒಂದು ರೀತಿಯಲ್ಲಿ ಡೇರೆಯಲ್ಲೇ ಇದೆ.

ಹೀಗಾಗಿ ಅಜ್ಜ ಅಜ್ಜಿಯರ ಪ್ರಶ್ನೆಗೆ ಉತ್ತರ ಕೊಡುವುದು ಅಷ್ಟು ಕಷ್ಟವಲ್ಲ. ಮನೆ ಬಿಟ್ಟು ಬಯಲಲ್ಲಿ ಮಲಗಲು ಇಷ್ಟು ಸಿದ್ಧತೆ ಏಕೆಂದರೆ, ಆ ನೆಲದಲ್ಲಿ ಮನೆ ಕಟ್ಟಲು ಹೊರಟವರು ಸೋತರು, ಎರಡು ದಿನ ಇದ್ದು ಹೋಗುವವರಿಗೆ ಮಾತ್ರ ಅದು ಉಳಿದಿದೆ. ಹೊರಡುವ ಬೆಳಿಗ್ಗೆ ಗೂಟ ಕಿತ್ತು, ಹಗ್ಗ ಸುತ್ತಿ, ಒಲೆಯ ಕೆಂಡಕ್ಕೆ ನೀರು ಸುರಿದು, ಕಸವನ್ನೆಲ್ಲ ಚೀಲಕ್ಕೆ ತುಂಬಿಕೊಂಡ ಮೇಲೆ ಮಕ್ಕಳ ಕೈಯಿಂದ ಒಮ್ಮೆ ಸುತ್ತ ನೋಡಿಸುವುದು ಒಳ್ಳೆಯದು. ಒಂದು ಚೂರು ಬ್ರೆಡ್ಡೂ ಕುದುರೆಗೆ ಸಿಗುವಂತೆ ಬಿದ್ದಿರಬಾರದು. ಗೂಟದ ಕುಳಿಗಳನ್ನು ಮಧ್ಯಾಹ್ನದ ಗಾಳಿ ಮುಚ್ಚುತ್ತದೆ. ಸಂಜೆಗೆ ಅದೇ ನಂಬರಿನ ಜಾಗಕ್ಕೆ ಇನ್ನೊಂದು ಕುಟುಂಬ ಬರುತ್ತದೆ.